ವಾಸನೆ ಬಾರದ ಸಾಂಬ್ರಾಣಿ

ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ತಮಿಳುನಾಡಿನ ತಳಿಯಲ್ಲಿ ಬಸ್ಸಿಳಿದು, ಸೇವಂತಿಗೆ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಸ್ವಲ್ಪ ನಡೆದರೆ ಒಂದು ಹಳ್ಳಿ ಸಿಗುತ್ತದೆ. ಆ ಹಳ್ಳಿಯ ಚಿಕ್ಕಮುನಿಯಪ್ಪನವರ ಮನೆಯಲ್ಲಿ ಕೊರೊನಾ ಬಂದ ವರ್ಷ ದಿನಾ ಒಂದೇ ಜಗಳ. ಟೀವಿಯ ರಿಮೋಟ್ ಯಾರ ಕೈಯಲ್ಲಿರಬೇಕು ಅನ್ನುವ ಜಗಳ.

ಶಾಲೆ ಮುಚ್ಚಿತ್ತು. ಮೊಮ್ಮಗಳು ಸುಷ್ಮಾಗೆ ಟೀವಿಯಲ್ಲೇ ಪಾಠ. ಅದೇ ಹೊತ್ತಿಗೆ ತಾತನಿಗೆ ಸುದ್ದಿ ಬೇಕು. ಅಜ್ಜಿ ಕದಿರಮ್ಮನಿಗೆ ಇವೆರಡೂ ಬೇಡ, ಸೀರಿಯಲ್ಲು ಬೇಕು. ಸೊಸೆ ವೆಂಕಟಲಕ್ಷ್ಮಿ ಮುದ್ದೆ ತಿರುವುವ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನ್ಯಾಯ ಹೇಳಬೇಕು.

"ಮಾವ, ಮಗೂ ಓದ್ಕಳ್ಲಿ ಬುಡಿ. ಸುದ್ದಿ ಆಮ್ಯಾಕೂ ಬತ್ತದೆ."

"ಆಮ್ಯಾಕೆ ಬರೋದು ಹಳೇ ಸುದ್ದಿ ಕಣಮ್ಮ."

"ಹೊಸ್ದು ಗೊತ್ತಾದ್ರೆ ಇವ್ರು ಎದ್ದೋಗಿ ಕಾಯ್ಲೇನ ಗಡೀಲೇ ತಡ್ದುಬುಡ್ತಾರೆ ನೋಡು," ಅಂತ ಕದಿರಮ್ಮ ಮೂಲೆಯಿಂದ ಹೇಳುವರು. ಎಲ್ಲರೂ ನಗುವರು. ಕೊನೆಗೆ ರಿಮೋಟ್ ಮಾವನ ಕೈಯಲ್ಲೇ ಉಳಿಯುವುದು.

ಮಾವ ಮೊದಲು ಬೆಂಗಳೂರಿನ ಕನ್ನಡ ಚಾನೆಲ್ ಹಾಕುವರು. ಆಮೇಲೆ ತಮಿಳು ಚಾನೆಲ್. ಅವರಿಗೆ ತಮಿಳು ಮಾತು ನೀರು ಕುಡಿದಷ್ಟು ಸಲೀಸು, ಆದರೆ ಅಕ್ಷರ ಬಾರದು. ಪರದೆಯ ಕೆಳಗೆ ಓಡುವ ಪಟ್ಟಿಯನ್ನು ಸೊಸೆಯೇ ಓದಿ ಹೇಳಬೇಕು. ಅವಳು ಡೆಂಕಣಿಕೋಟೆಯ ತಮಿಳು ಶಾಲೆಯಲ್ಲಿ ಓದಿದವಳು. ಯಾವ ಜಿಲ್ಲೆಯಲ್ಲಿ ಎಷ್ಟು ಜನ ಸತ್ತರು ಎಂಬುದು ಆ ಪಟ್ಟಿಯಲ್ಲಿ ಬರುತ್ತಿತ್ತು. ಚೆನ್ನೈ, ಕೊಯಮತ್ತೂರು, ಸೇಲಂ ಎಂದು ಅವಳು ಓದುತ್ತಾ ಹೋದರೆ ಮಾವ ತಮ್ಮ ಜಿಲ್ಲೆಯನ್ನು ಕೇಳಲು ನಡುವೆ ಬಾಯಿ ಹಾಕುವರು.

"ಕೃಷ್ಣಗಿರಿ?"

"ಸೊನ್ನೆ, ಮಾವ."

"ನೋಡ್ದಾ? ಕನ್ನಡದವ್ರು ಬೆಂಗ್ಳೂರು ಕಾಯ್ಲೆ ಹೇಳ್ತಾರೆ. ತಮಿಳ್ನವ್ರು ಚೆನ್ನೈ ಕಾಯ್ಲೆ ಹೇಳ್ತಾರೆ. ನಮ್ಮೂರ ಹೆಸ್ರು ಇವ್ರ ಬಾಯಲ್ಲೂ ಇಲ್ಲ, ಅವ್ರ ಬಾಯಲ್ಲೂ ಇಲ್ಲ. ಅಂದ್ಮೇಲೆ ನಮ್ಗೆ ಇಲ್ಲ ಅಂತ ತಾನೆ ಅರ್ಥ?"

ಈ ಮಾತು ಊರಿಗೆಲ್ಲ ಹಿಡಿಸಿತ್ತು. ಕಾಯಿಲೆ ಎರಡು ರಾಜ್ಯದ ದೊಡ್ಡ ಪಟ್ಟಣಗಳದು, ನಡುವೆ ಇರುವ ನಮ್ಮನ್ನು ಅದು ಮರೆತಿದೆ ಅಂತ ಜನ ನಂಬಿದ್ದರು. ಮಾಸ್ಕು ಇತ್ತು. ತಳಿಗೆ ಹೋಗುವಾಗ ಪೊಲೀಸರಿಗೆ ತೋರಿಸಲು ಜೇಬಿನಲ್ಲಿ ಇತ್ತು.

ಊರಿನ ಆರೋಗ್ಯ ನರ್ಸ್ ಸೆಲ್ವಿ ಮಾತ್ರ ಈ ಮಾತಿಗೆ ತಲೆ ಆಡಿಸುತ್ತಿರಲಿಲ್ಲ. ಅವಳದು ತಮಿಳು ಮನೆಮಾತು. ಕನ್ನಡವನ್ನು ಈ ಊರಿನ ಹೆಂಗಸರಿಂದಲೇ ಕಲಿತವಳು. ಮನೆಮನೆಗೆ ಬಂದು ಜ್ವರ ಇದೆಯಾ, ಕೆಮ್ಮು ಇದೆಯಾ ಎಂದು ಕೇಳಿ ಹೋಗುವುದು ಅವಳ ಕೆಲಸ. ಒಂದು ದಿನ ಜಗಲಿಯ ಆಚೆಯೇ ನಿಂತು ಹೇಳಿದಳು.

"ಅಕ್ಕಾ, ಜ್ವರಾನೇ ಬರ್ಬೇಕು ಅಂತಿಲ್ಲ. ಕೆಲವ್ರಿಗೆ ವಾಸ್ನೆ ಮಾತ್ರ ಹೋಗ್ಬಿಡ್ತದೆ. ಕಾಫಿ ವಾಸ್ನೆ ಬರ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ. ಅಂಥವ್ರನ್ನ ಒಂದು ಕೋಣೇಲಿ ಬೇರೆ ಇಡಿ. ಕಿಟಕಿ ತೆಗ್ದಿಡಿ."

"ನಮ್ಮ ಸೊಸೆ ಮಾಡೋ ಕಾಫಿಗೆ ಆರೋಗ್ಯವಾಗಿರೋರ್ಗೂ ವಾಸ್ನೆ ಬರಲ್ಲ ಕಣಮ್ಮ," ಅಂದರು ಕದಿರಮ್ಮ.

"ಪಾಟಿ, ನೀವು ಸುಮ್ನಿರಿ," ಅಂತ ಸೆಲ್ವಿ ತಮಿಳಿನಲ್ಲಿ ಅಜ್ಜಿ ಎಂದು ಕರೆದು ನಕ್ಕಳು.

"ಪಾಟಿ ಅನ್ಬೇಡ. ನಂಗೆ ವಯಸ್ಸಾದಂಗಾಯ್ತದೆ."

ವೆಂಕಟಲಕ್ಷ್ಮಿಯೂ ನಕ್ಕಳು. ಆದರೆ ಆ ಮಾತು ಅವಳ ತಲೆಯಲ್ಲಿ ಉಳಿಯಿತು.

ಪಿತೃಪಕ್ಷದ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ದಿನ. ವೆಂಕಟಲಕ್ಷ್ಮಿಯ ಗಂಡ ಬೀರೇಶ್ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಜೊತೆಗಾರರೊಂದಿಗೆ ಅಲ್ಲೇ ಹತ್ತಿರದ ಆಲಸನತ್ತಂನಲ್ಲಿ ರೂಮು ಮಾಡಿಕೊಂಡಿದ್ದ. ಹಬ್ಬಕ್ಕೆ ಹಿಂದಿನ ಸಂಜೆಯೇ ಬಂದ. ಮೈಕೈ ನೋವು ಅಂದ.

"ಜ್ವರ ಐತಾ?" ಅಂತ ಹೆಂಡತಿ ಹಣೆ ಮುಟ್ಟಿದಳು.

"ಇಲ್ಲ ಕಣೇ. ದಿನಾ ಗೇಟಲ್ಲಿ ಹಣೆಗೆ ಜ್ವರದ ಗನ್ ಇಟ್ಟು ನೋಡೇ ಒಳಗೆ ಬಿಡೋದು. ಡಬಲ್ ಶಿಫ್ಟ್ ಮಾಡಿದ್ದಕ್ಕೆ ಸುಸ್ತು, ಅಷ್ಟೇ."

ಮಾರನೆಯ ದಿನ ಕದಿರಮ್ಮನ ತಮ್ಮ ಹನುಮಯ್ಯ ಹೆಂಡತಿ ಮಕ್ಕಳ ಜೊತೆ ಬಂದ. ಇನ್ನೂ ಕೆಲವು ನೆಂಟರು ಬಂದರು. ಬೆಳಗಿನಿಂದ ಒಲೆ ಆರಲಿಲ್ಲ. ಕಜ್ಜಾಯ, ವಡೆ, ಕೋಳಿ ಸಾರು, ಮುದ್ದೆ. ಮಾವನ ಅಪ್ಪನಿಗೆ ಬೀಡಿ, ಅಮ್ಮನಿಗೆ ಎಲೆ ಅಡಿಕೆ ಹೊಗೆಸೊಪ್ಪು.

ಅವರ ಮನೆಯಲ್ಲಿ ಎಡೆ ಇಡುವುದಕ್ಕೆ ಒಂದು ಕ್ರಮವಿದೆ. ನಡುಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಎಲೆ ಹಾಕಬೇಕು. ಹೊರಗಿನವರ ಕಣ್ಣು ಬೀಳಬಾರದು ಅಂತ ಕಿಟಕಿ ಮುಚ್ಚಬೇಕು. ಮನೆಯವರು ಒಬ್ಬೊಬ್ಬರೇ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೈ ಮುಗಿಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಹಿರಿಯರು ಬಂದು ಉಣ್ಣಲಿ ಅಂತ ಸ್ವಲ್ಪ ಹೊತ್ತು ಬಿಡಬೇಕು. ಮತ್ತೆ ಬಾಗಿಲು ತೆಗೆಯುವ ಮುಂಚೆ ಮನೆಯ ಯಜಮಾನ ಒಂದು ಸಲ ಕೆಮ್ಮಬೇಕು. ಉಣ್ಣುತ್ತಾ ಕೂತವರಿಗೆ ನಾವು ಬರುತ್ತಿದ್ದೇವೆ ಅಂತ ಗೊತ್ತಾಗಲಿ, ಪಾಪ, ಅವರು ಗಾಬರಿ ಬೀಳಬಾರದು ಅಂತ. ಆಮೇಲೆ ಅದೇ ಕೋಣೆಯಲ್ಲಿ, ಕಿಟಕಿ ಮುಚ್ಚಿದಂತೆಯೇ, ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು.

ಬೀರೇಶ್ ಒಂದು ಹಿಡಿ ಸಾಂಬ್ರಾಣಿ ಹಾಕಿದ. ಹೊಗೆ ಭುಗ್ಗೆಂದು ಎದ್ದು ಕೋಣೆ ತುಂಬಿತು. ಎಲ್ಲರ ಕಣ್ಣಲ್ಲೂ ನೀರು. ಹನುಮಯ್ಯನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಯಾವ ಅಂಗ್ಡೀದಪ್ಪಾ ಈ ಸಾಂಬ್ರಾಣಿ?" ಅಂದ ಬೀರೇಶ್. "ವಾಸ್ನೇನೇ ಇಲ್ಲ."

"ಫ್ಯಾಕ್ಟ್ರಿ ಎಣ್ಣೆ ವಾಸ್ನೆ ಕುಡ್ದು ಕುಡ್ದು ನಿನ್ನ ಮೂಗು ಸತ್ತೋಗೈತೆ ಕಣ್ಲಾ," ಅಂದ ಹನುಮಯ್ಯ. ಕೋಣೆಯೆಲ್ಲ ನಗು.

ವೆಂಕಟಲಕ್ಷ್ಮಿ ನಗಲಿಲ್ಲ. ಅವಳ ಗಂಟಲು ಆ ಹೊಗೆಗೆ ಉರಿಯುತ್ತಿತ್ತು. ಗಂಡನನ್ನು ಅಡುಗೆಮನೆಗೆ ಕರೆದಳು. ಒಂದು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ ಅವನ ಮೂಗಿನ ಹತ್ತಿರ ಹಿಡಿದಳು.

"ಏನಾದ್ರೂ ಗೊತ್ತಾಯ್ತದಾ?"

"ಇಲ್ಲ," ಅಂದ ಅವನು. ಈಗ ಅವನ ಮುಖವೂ ಸಪ್ಪಗಾಯಿತು.

ಅವಳು ಅತ್ತೆಯನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು. "ಅತ್ತೆ, ಸೆಲ್ವಿ ಹೇಳಿದ್ಲಲ್ಲಾ. ಇವರು ಹೊರಗೆ ಜಗಲಿ ಮ್ಯಾಲೆ ಕೂತು ಉಣ್ಲಿ. ಆ ಕಿಟಕೀನಾದ್ರೂ ತೆಗೀತೀನಿ."

ಕದಿರಮ್ಮ ಒಂದು ಗಳಿಗೆ ಮಗನ ಕಡೆ ನೋಡಿದರು.

"ಇರೋದೊಬ್ಬ ಮಗ. ಹಿರೀಕರ ಎಡೆ ಮುಂದೆ ಕೂರ್ದೆ ಹೊರಗೆ ಕೂತ್ರೆ ಅವ್ರು ಹಸ್ಕಂಡು ಹೋಗ್ತಾರೆ. ಬಂದಿರೋ ನೆಂಟ್ರು ಏನಂದ್ಕತಾರೆ? ನಾಳೆ ಊರೆಲ್ಲ ಅದೇ ಮಾತಾಯ್ತದೆ." ಆಮೇಲೆ ದನಿ ಇಳಿಸಿ, ಸೊಸೆಯ ಕೈ ಹಿಡಿದು ಅಂದರು, "ನೀನು ಹೆದ್ರಬ್ಯಾಡ. ಮಗೂನ ನಿನ್ನ ಪಕ್ಕ ಆ ಮೂಲೇಲಿ ಕೂರಿಸ್ಕೋ. ಇವನ ಪಕ್ಕ ನಾನು ಕೂತ್ಕತೀನಿ."

ಹಾಗೇ ಆಯಿತು. ಮಗನ ಪಕ್ಕ ತಾಯಿ ಕೂತರು. ಮಗನಿಗೆ ಊಟ ಸೇರುತ್ತಿಲ್ಲ ಅಂತ ಕಜ್ಜಾಯ ಮುರಿದು ಅವನ ಬಾಯಿಗಿಟ್ಟರು. ಅವನು ಅರ್ಧ ಬಿಟ್ಟ ಚೂರನ್ನು ತಾವೇ ತಿಂದರು. ವೆಂಕಟಲಕ್ಷ್ಮಿ ಎಲ್ಲವನ್ನೂ ನೋಡುತ್ತಾ ಬಡಿಸಿದಳು. ಕಿಟಕಿ ಮುಚ್ಚಿಯೇ ಇತ್ತು.

ಬೀರೇಶ್ ನಾಲ್ಕಾರು ದಿನ ಮನೆಯಲ್ಲೇ ಮಲಗಿ ಎದ್ದ. ಅವನು ಚೇತರಿಸಿಕೊಳ್ಳುವ ಹೊತ್ತಿಗೆ ಕದಿರಮ್ಮನಿಗೆ ಮೈ ಬಿಸಿಯಾಯಿತು.

"ಮಳೇಲಿ ಹಸ ಹಿಡ್ಕಂಡು ಬಂದ್ಲಲ್ಲ, ಅದ್ರದ್ದೇ ನೆಗಡಿ," ಅಂದರು ಮಾವ.

"ಸೆಲ್ವಿಗೆ ಹೇಳಣ, ಮಾವ."

"ಹೇಳ್ದ್ರೆ ಏನು ಮಾಡ್ತಾರೆ ಗೊತ್ತಾ? ಯಾರೂ ಓಡಾಡ್ದಂಗೆ ಬೀದಿಗೆ ಅಡ್ಡ ತಗಡು ಬಡೀತಾರೆ. ಮುಂದೆ ಆಯುಧಪೂಜೆ. ಹೂವೆಲ್ಲ ಅರಳಿ ನಿಂತೈತೆ. ತಗಡು ನೋಡಿದ್ರೆ ಹೂವಿನ ಗಾಡಿಯೋನು ಊರೊಳಕ್ಕೆ ಕಾಲಿಡ್ತಾನಾ? ಮಾತ್ರೆ ತಂದುಕೊಡು, ಸರಿಹೋಯ್ತದೆ."

ಅಂಗಡಿಯಿಂದ ಜ್ವರದ ಮಾತ್ರೆ ಬಂತು. ನುಂಗಿದರೆ ಜ್ವರ ಇಳಿಯುತ್ತಿತ್ತು. ಸಂಜೆಗೆ ಮತ್ತೆ ಏರುತ್ತಿತ್ತು. ಸೆಲ್ವಿ ಜ್ವರ ನೋಡಲು ಬೀದಿಗೆ ಬಂದಿದ್ದಾಳೆ ಅಂತ ಗೊತ್ತಾದ ಬೆಳಿಗ್ಗೆ ಮಾವ ಮೊದಲೇ ಒಂದು ಮಾತ್ರೆ ನುಂಗಿಸಿದರು. ಕದಿರಮ್ಮನನ್ನು ಜಗಲಿ ಮೇಲೆ ಕೂರಿಸಿ ಮುಂದೆ ಒಂದು ಬುಟ್ಟಿ ಹೂವು ಇಟ್ಟರು. ನೋಡಿದವರಿಗೆ ಅಜ್ಜಿ ಆರಾಮಾಗಿ ಹೂವು ಆರಿಸುತ್ತಿದ್ದಾರೆ ಅನ್ನಿಸಬೇಕು.

ಸೆಲ್ವಿ ಹಣೆಗೆ ಯಂತ್ರ ಹಿಡಿದಳು. ಜ್ವರ ತೋರಿಸಲಿಲ್ಲ.

"ಪಾಟಿ, ಉಸ್ರು ಕಟ್ತದಾ?"

"ಕಟ್ತದೆ. ಇವ್ರ ಸುದ್ದಿ ಚಾನಲ್ ಕೇಳಿದಾಗ ಮಾತ್ರ."

ಸೆಲ್ವಿ ನಕ್ಕಳು. ಆದರೂ ಚೀಲದಿಂದ ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ತೆಗೆದಳು. "ಬೆರಳು ಕೊಡಿ. ಮೈಯಲ್ಲಿ ಆಕ್ಸಿಜನ್ ಎಷ್ಟಿದೆ ನೋಡ್ತೀನಿ."

"ಬ್ಯಾರೆ ಮನೆ ನೋಡೋಗಮ್ಮ," ಅಂದರು ಮಾವ. "ಇಲ್ಲಿ ಯಾರಿಗೂ ಏನೂ ಇಲ್ಲ."

ಸೆಲ್ವಿ ಬಾಗಿಲ ಕಡೆ ನೋಡಿದಳು. ಅಲ್ಲಿ ವೆಂಕಟಲಕ್ಷ್ಮಿ ನಿಂತಿದ್ದಳು. ಮಾತ್ರೆಯ ಹಾಳೆ ಅವಳ ಸೆರಗಿನ ಗಂಟಿನಲ್ಲೇ ಇತ್ತು.

"ಅಕ್ಕಾ, ನೀಂಗ ಸೊಲ್ಲುಂಗ. ನೀವು ಹೇಳಿ. ಮನೇಲಿ ಎಲ್ರೂ ಚೆನ್ನಾಗಿದಾರಾ?"

ಮಾವ ನೋಡುತ್ತಿದ್ದರು. ಅತ್ತೆ ನೋಡುತ್ತಿದ್ದರು. ಹೇಳುವುದಕ್ಕೆ ಅವಳ ಬಾಯಲ್ಲಿ ಎಲ್ಲವೂ ಇತ್ತು.

"ಚೆನ್ನಾಗವ್ರೆ," ಅಂದಳು.

ಸೆಲ್ವಿ ಮುಂದಿನ ಮನೆಗೆ ಹೋದಳು.

ಕದಿರಮ್ಮ ಬಾಯಿ ಮುಚ್ಚಿ ಕೂತವರಲ್ಲ. ಸೀರಿಯಲ್ಲು ಶುರುವಾದಾಗಿನಿಂದ ಮುಗಿಯುವವರೆಗೆ ಅದರೊಳಗಿನ ಸೊಸೆಯಂದಿರಿಗೆಲ್ಲ ಬುದ್ಧಿ ಹೇಳುವವರು. ಆ ಬಾಯಿ ಕಡಿಮೆಯಾಯಿತು. ಒಂದು ಮಧ್ಯಾಹ್ನ ಅವರು, "ಲಕ್ಷ್ಮೀ... ಹಸೀಗೆ... ಹುಲ್ಲು..." ಅಂತ ನಿಲ್ಲಿಸಿ ನಿಲ್ಲಿಸಿ ಹೇಳಿದರು. ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. "ಸುಸ್ತಾ ಅತ್ತೆ?" ಅಂದರೆ, "ಏನಿಲ್ಲ... ಚೆನ್ನಾಗಿವ್ನಿ," ಅಂದರು. ನಿಜಕ್ಕೂ ಅವರಿಗೆ ಹಾಗೇ ಅನ್ನಿಸುತ್ತಿತ್ತು. ಈ ಕಾಯಿಲೆಯ ಮೋಸವೇ ಅದು. ಒಳಗೆ ಉಸಿರು ಬರಿದಾಗುತ್ತಿದ್ದರೂ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ.

ವೆಂಕಟಲಕ್ಷ್ಮಿ ಯಾರನ್ನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಸೆಲ್ವಿಗೆ ಫೋನ್ ಮಾಡಿದಳು.

ಸೆಲ್ವಿ ಓಡಿಬಂದಳು. ಬೆರಳಿಗೆ ಯಂತ್ರ ಸಿಕ್ಕಿಸಿದಳು. ತೊಂಬತ್ತೈದರ ಮೇಲಿರಬೇಕಾದ ಅಂಕಿ ಎಪ್ಪತ್ತರ ಹತ್ತಿರ ನಿಂತಿತ್ತು. ಅವಳು ಬೈಯಲಿಲ್ಲ. 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆದಳು. ಆಮೇಲೆ ವೆಂಕಟಲಕ್ಷ್ಮಿಯ ಕಡೆ ತಿರುಗಿ ಇಷ್ಟೇ ಕೇಳಿದಳು.

"ಅವತ್ತು ಕೇಳ್ದಾಗ ಹೇಳ್ಬಾರ್ದಿತ್ತಾ ಅಕ್ಕಾ?"

ಕದಿರಮ್ಮ ತಾವೇ ನಡೆದು ಆಂಬುಲೆನ್ಸ್ ಹತ್ತಿದರು. ಹತ್ತುವಾಗ ಗಂಡನ ಕಡೆ ತಿರುಗಿ, "ರಿಮೋಟು... ಮಗೂಗೆ ಕೊಡಿ... ಓದ್ಕಳ್ಲಿ," ಅಂದರು. ಆ ಮನೆಯ ಮುಂದೆ ಅವರು ಆಡಿದ ಕೊನೆಯ ಮಾತು ಅದು.

ಮನೆಯವರಿಗೆಲ್ಲ ಪರೀಕ್ಷೆ ಆಯಿತು. ಮಾವನಿಗೂ ವೆಂಕಟಲಕ್ಷ್ಮಿಗೂ ಕಾಯಿಲೆ ಇತ್ತು, ಹೆಚ್ಚೇನೂ ಆಗಲಿಲ್ಲ. ಬೀದಿಗೆ ತಗಡು ಬಂತು. ಹೂವಿನ ಗಾಡಿ ಬರಲಿಲ್ಲ. ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೋ ಅದೆಲ್ಲವೂ ಬಂತು. ಮುಚ್ಚಿಟ್ಟಿದ್ದಕ್ಕೆ ಕದಿರಮ್ಮನನ್ನೂ ಕಳೆದುಕೊಂಡರು. ತೋಟದಲ್ಲಿ ಸೇವಂತಿಗೆ ಗಿಡದಲ್ಲೇ ಕಪ್ಪಾಗುತ್ತಿದ್ದಾಗ ಕೃಷ್ಣಗಿರಿಯ ಆಸ್ಪತ್ರೆಯಿಂದ ಫೋನ್ ಬಂತು. ಸ್ವಲ್ಪ ಮುಂಚೆ ಕರೆದುಕೊಂಡು ಬಂದಿದ್ದರೆ ಉಳಿಸಲು ನೋಡಬಹುದಿತ್ತು ಅಂದರು ಡಾಕ್ಟರು.

ಮಣ್ಣಿಗೆ ಬೀರೇಶ್ ಒಬ್ಬನೇ ಹೋದ. ದೂರ ನಿಂತು ಕೈ ಮುಗಿದು ಬಂದ. ಬಿಳಿ ಚೀಲದ ಜಿಪ್ಪು ಮೇಲಿನವರೆಗೆ ಎಳೆದಿತ್ತು. ಮುಖ ಕಾಣಲಿಲ್ಲ. ಗುಂಡಿ ತೆಗೆದ ಯಂತ್ರವೇ ಮಣ್ಣು ಮುಚ್ಚಿತು. ಹಿರಿಯರು ಹಸಿದು ಹೋಗಬಾರದು ಅಂತ ಅಷ್ಟು ಮಾಡಿದ ಆ ತಾಯಿಗೆ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕುವವರಿರಲಿಲ್ಲ. ಎಡೆಯ ಮುಂದೆ ನಕ್ಕ ನೆಂಟರಲ್ಲಿ ಯಾರೂ ತಗಡಿನ ಹತ್ತಿರಕ್ಕೂ ಬರಲಿಲ್ಲ. ಬಂದವಳು ಸೆಲ್ವಿ ಒಬ್ಬಳೇ. ಹಾಲು, ತರಕಾರಿ ತಂದು ತಗಡಿನ ಪಕ್ಕ ಇಟ್ಟು, "ಅಕ್ಕಾ, ಇಟ್ಟಿದೀನಿ," ಅಂತ ಕೂಗಿ ಹೋಗುತ್ತಿದ್ದಳು.

ಮಾರನೆಯ ಸಂಜೆ ಮಾವ ಟೀವಿ ಹಾಕಿದರು. ಕನ್ನಡ ಚಾನೆಲ್ ಬೆಂಗಳೂರಿನ ಸುದ್ದಿ ಹೇಳುತ್ತಿತ್ತು. ತಮಿಳಿಗೆ ತಿರುಗಿಸಿದರು. ಕೆಳಗೆ ಪಟ್ಟಿ ಓಡುತ್ತಿತ್ತು.

"ಓದಮ್ಮ," ಅಂದರು.

ಅವಳು ಬೇರೆ ಕೋಣೆಯ ಬಾಗಿಲಲ್ಲಿ ನಿಂತು ಓದಿದಳು. ಚೆನ್ನೈ. ಕೊಯಮತ್ತೂರು. ಸೇಲಂ.

"ಕೃಷ್ಣಗಿರಿ?"

"ಒಂದು."

ಮಾವ ಪರದೆಯ ಹತ್ತಿರಕ್ಕೆ ಸರಿದು ಕೂತರು.

"ಆ ಒಂದು ನಮ್ದೇನಮ್ಮಾ?"

ಅವಳು ಓಡುವ ಪಟ್ಟಿಯ ಕಡೆಯೇ ನೋಡಿದಳು.

"ಹೆಸ್ರು ಹಾಕಿಲ್ವಾ?"

"ಹೆಸ್ರು ಹಾಕಲ್ಲ, ಮಾವ."

ಆ ಹೊತ್ತಿಗೆ ಪಟ್ಟಿ ಮುಂದೆ ಹೋಗಿತ್ತು. ಚಿನ್ನದ ಬೆಲೆ ಹೇಳುತ್ತಿತ್ತು. ಮಾವ ಎದ್ದು ಟೀವಿ ಆರಿಸಿದರು. ರಿಮೋಟನ್ನು ಸುಷ್ಮಾಳ ಪುಸ್ತಕದ ಮೇಲಿಟ್ಟರು. ಆಮೇಲೆ ಎಡೆ ಇಡುವ ಕೋಣೆಗೆ ಹೋದರು. ಮಳೆಗೆ ಉಬ್ಬಿ ಬಿಗಿದಿದ್ದ ಕಿಟಕಿಯನ್ನು ಗುದ್ದಿ ಗುದ್ದಿ ತೆಗೆದರು. ಅವತ್ತು ತೆಗೆದ ಕಿಟಕಿ ಮತ್ತೆ ಮುಚ್ಚಿಲ್ಲ.

ದೀಪಾವಳಿ ಹತ್ತಿರ ಬಂತು. ಕಾಯಿಲೆ ಇಳಿಯುತ್ತಿದೆ ಅಂತ ಎರಡು ಭಾಷೆಯ ಟೀವಿಯೂ ಹೇಳತೊಡಗಿತು. ಪಕ್ಕದ ಮನೆಯ ರಾಮಯ್ಯ ಬೇಲಿ ಹತ್ತಿರ ನಿಂತು ಮಾತಿಗೆ ಶುರುಮಾಡಿದ.

"ಎಲ್ಲಾ ಮುಗೀತಂತೆ ಅಣ್ಣಾ. ಹಬ್ಬಕ್ಕೆ ಅಳೀಮಯ್ಯನ ಕಡೆಯೋರೆಲ್ಲ ಬತ್ತಾವ್ರೆ. ನಮ್ಮ ಮಗ್ಳು ಆದಿಲಕ್ಷ್ಮಿಗೆ ಒಂಚೂರು ಮೈ ಬಿಸಿ. ಮಳೆ ನೆಗಡಿ."

ಮಾವ ಟವೆಲ್ಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬೇಲಿಯಿಂದ ಹಿಂದೆ ಸರಿದರು.

"ಮಗೀಗೆ ವಾಸ್ನೆ ಗೊತ್ತಾಯ್ತದಾ?"

"ನಾನೇನು ಕೇಳಿಲ್ಲ."

"ಕೇಳು. ಸೆಲ್ವಿಗೆ ನಾನೇ ಫೋನ್ ಮಾಡ್ತೀನಿ."

"ಬ್ಯಾಡಣ್ಣಾ. ಹಬ್ಬದ ಟೈಮಲ್ಲಿ ತಗಡು ಬಡ್ದುಬುಡ್ತಾರೆ."

"ತಗಡು ಬಡುದ್ರೆ ಆಮ್ಯಾಕೆ ಬಿಚ್ತಾರೆ ಕಣೋ ರಾಮಯ್ಯ," ಅಂದರು ಮಾವ. "ನಮ್ಮೋಳ್ನ ಕಟ್ಟಿದ್ದ ಚೀಲ ಬಿಚ್ಲಿಲ್ಲ. ಮಖ ನೋಡಕ್ಕೂ ಬಿಚ್ಲಿಲ್ಲ."

ರಾಮಯ್ಯ ಮಗಳನ್ನು ಕೇಳಲು ಒಳಗೆ ಹೋದ. ಆದಿಲಕ್ಷ್ಮಿಗೆ ಪರೀಕ್ಷೆಯಾಯಿತು. ಕಾಯಿಲೆ ಇತ್ತು. ಬೇಗ ಗೊತ್ತಾಗಿದ್ದರಿಂದ ಬೇರೆ ಕೋಣೆಯಲ್ಲಿದ್ದು, ದಿನಾ ಬೆರಳಿಗೆ ಯಂತ್ರ ಹಾಕಿಸಿಕೊಂಡು, ಮನೆಯಲ್ಲೇ ಗುಣವಾದಳು. ಅವರ ಮನೆಗೆ ನೆಂಟರು ಬರಲಿಲ್ಲ. ಹನುಮಯ್ಯ ಫೋನ್ ಮಾಡಿ, "ಭಾವ, ಹಬ್ಬಕ್ಕೆ ಬರಣಾ?" ಅಂದಾಗ ಮಾವ, "ಬ್ಯಾಡಪ್ಪ, ಇದ್ದಲ್ಲೇ ಇರು, ಚೆನ್ನಾಗಿರು," ಅಂತ ಫೋನ್ ಇಟ್ಟರು.

ಸಾವಾದ ಮನೆಯಲ್ಲಿ ಆ ವರ್ಷ ಎಣ್ಣೆಗೆ ಕಜ್ಜಾಯ ಬಿಡುವ ಹಾಗಿಲ್ಲ. ಹಬ್ಬದ ಬೆಳಿಗ್ಗೆ ರಾಮಯ್ಯನ ಹೆಂಡತಿ ಒಂದು ತಟ್ಟೆ ತಂದು ಜಗಲಿ ಮೇಲಿಟ್ಟು ದೂರದಿಂದಲೇ ಹೇಳಿ ಹೋದಳು. ವೆಂಕಟಲಕ್ಷ್ಮಿ ಅದರ ಮುಚ್ಚಳ ತೆಗೆದಳು. ಬಿಸಿ ಬೆಲ್ಲದ, ಎಳ್ಳಿನ, ಏಲಕ್ಕಿಯ ವಾಸನೆ ಮುಖಕ್ಕೆ ಬಂತು. ಕಾಯಿಲೆ ಬಂದು ಹೋಗಿದ್ದರೂ ಅವಳ ಮೂಗು ಚೆನ್ನಾಗಿಯೇ ಇತ್ತು. ಅಮಾವಾಸ್ಯೆಯ ದಿನವೂ ಚೆನ್ನಾಗಿಯೇ ಇತ್ತು. ಕಣ್ಣೂ ಚೆನ್ನಾಗಿತ್ತು, ಬುದ್ಧಿಯೂ ಚೆನ್ನಾಗಿತ್ತು. ಬಾಯಿ ಮಾತ್ರ ಹೊತ್ತಿಗೆ ಬರಲಿಲ್ಲ.

ಅವಳು ಕಜ್ಜಾಯವನ್ನು ಸುಷ್ಮಾಗೆ ಕೊಟ್ಟು ಹಸುವಿಗೆ ಹುಲ್ಲು ಹಾಕಲು ಹೋದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ತಾಯಂದಿರೇ, ಮನೆಯಲ್ಲಿ ಯಾರಿಗೆ ಊಟ ಸೇರಲಿಲ್ಲ, ಯಾರ ಮೈ ಬೆಚ್ಚಗಿದೆ, ಯಾರಿಗೆ ಒಗ್ಗರಣೆ ವಾಸನೆ ಗೊತ್ತಾಗಲಿಲ್ಲ ಅನ್ನುವುದು ಮೊದಲು ತಿಳಿಯುವುದು ನಮಗೆ. ತಿಳಿದ ಕೂಡಲೇ ಹೇಳಿ. ಅತ್ತೆ ಬೇಸರ ಮಾಡಿಕೊಳ್ಳಲಿ, ಮಾವ ಗದರಲಿ, ನೆಂಟರು ಎದ್ದುಹೋಗಲಿ. ಎದ್ದುಹೋದ ನೆಂಟರು ಇನ್ನೊಂದು ಹಬ್ಬಕ್ಕೆ ಬರುತ್ತಾರೆ. ಅಂಥವರನ್ನು ಬೇರೆ ಕೋಣೆಯಲ್ಲಿರಿಸಿ. ಕಿಟಕಿ ತೆಗೆಯಿರಿ. ಮಾಸ್ಕು ಜೇಬಿನಲ್ಲಿ ಬೇಡ, ಮೂಗಿನ ಮೇಲಿರಲಿ. ನರ್ಸಮ್ಮ ಬರುವ ಮುಂಚೆ ಮಾತ್ರೆ ನುಂಗಿಸಿ ಜ್ವರ ಬಚ್ಚಿಡಬೇಡಿ. ಅವಳು ಬೆರಳು ಕೇಳಿದರೆ ಬೆರಳು ಕೊಡಿ. ಅಂಕಿ ತೊಂಬತ್ತೈದಕ್ಕಿಂತ ಕೆಳಗಿಳಿದರೆ, ಮಾತು ತುಂಡು ತುಂಡಾದರೆ, ಯಾರ ಒಪ್ಪಿಗೆಗೂ ಕಾಯದೆ 108ಕ್ಕೆ ಫೋನ್ ಮಾಡಿ.

ಟೀವಿ ನಿಮ್ಮ ಊರಿನ ಹೆಸರು ಹೇಳಲಿ ಅಂತ ಕಾಯಬೇಡಿ. ಅದು ಹೆಸರು ಹೇಳುವುದಿಲ್ಲ. ಅಂಕಿ ಹೇಳುತ್ತದೆ. ಆಮೇಲೆ ಚಿನ್ನದ ಬೆಲೆ ಹೇಳುತ್ತದೆ.